ಐಸ್‌ಕ್ರೀಂ ಪೆಟ್ಟಿಗೆಯಲ್ಲಿಟ್ಟ ಬಾಣಂತನ

ಇವತ್ತು ಬೆಳಗ್ಗೆ ತರೀಕೆರೆಯಲ್ಲಿ ಮತ್ತೆ ಕರೆಂಟು ಹೋಯಿತು. ಕರೆಂಟು ಹೋದಾಗ ಬೇರೆ ಮನೆಗಳಲ್ಲಿ ಮಿಕ್ಸಿಯನ್ನೋ ಮೊಬೈಲನ್ನೋ ನೋಡಿ ನಿಟ್ಟುಸಿರು ಬಿಡುತ್ತಾರೆ. ನಾನು ಹಜಾರದ ಮೂಲೆಗೆ ಓಡುತ್ತೇನೆ. ಅಲ್ಲೊಂದು ಐಸ್‌ಕ್ರೀಂ ಪೆಟ್ಟಿಗೆಯಿದೆ. ಬೇಕರಿಗಳಲ್ಲಿ ಇರುತ್ತದಲ್ಲ, ಮೇಲಿನಿಂದ ಮುಚ್ಚಳ ಎತ್ತುವ ಉದ್ದನೆಯ ಫ್ರೀಜರ್, ಅಂಥದ್ದು. ಅದಕ್ಕೆ ಕಂಬಳಿ ಹೊದಿಸಿ, ಸುತ್ತಲೂ ಸಿಕ್ಕಿಸಿ, ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತೇನೆ. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, “ಜ್ವರ ಬಂದಿರೋ ಮಗೀಗೆ ಹೊದ್ಸಿದಂಗೆ ಹೊದುಸ್ತೀರಲ್ಲ ಟೀಚರ್, ಅದಕ್ಕೆ ತಂಪು ತಾನೆ ಬೇಕಾಗಿರೋದು?” ಎಂದು ನಗುತ್ತಾಳೆ. ಒಳಗಿನ ತಂಪು ಹೊರಗೆ ಹೋಗದ ಹಾಗೆ ಕಂಬಳಿ ತಡೆಯುತ್ತದೆ ಎಂದು ನಾನು ಕ್ಲಾಸಿನಲ್ಲಿ ನಿಂತ ಗತ್ತಿನಲ್ಲೇ ವಿವರಿಸುತ್ತೇನೆ. ನಾನು ಗಣಿತದ ಟೀಚರು, ವಿಜ್ಞಾನ ನನ್ನದಲ್ಲ ಎಂಬುದು ಅವಳಿಗೂ ಗೊತ್ತು.

ಇವತ್ತು ಕರೆಂಟು ಬರುವುದು ತಡವಾಯಿತು. ತೆಗೆಯಬಾರದೆಂದು ಗೊತ್ತಿದ್ದೂ ತಡೆಯಲಾರದೆ ಮುಚ್ಚಳವನ್ನು ಒಂದಿಷ್ಟು ಎತ್ತಿದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಅಡಿಗೆಗೆ ವಾಸನೆ ಇರುವುದಿಲ್ಲ, ನೀವು ಗಮನಿಸಿದ್ದೀರಾ? ಕಲ್ಲಿನ ಹಾಗೆ ಸುಮ್ಮನಿರುತ್ತದೆ. ಕರಗಲು ತೊಡಗಿದಾಗಲೇ ಅದು ಬಾಯಿ ಬಿಡುವುದು. ಯಾವುದೋ ಡಬ್ಬಿಯ ಅಂಚಿನಿಂದ ಕಾಳುಮೆಣಸು, ಬೆಳ್ಳುಳ್ಳಿ, ತುಪ್ಪದ ಒಗ್ಗರಣೆಯ ವಾಸನೆ ಸಣ್ಣಗೆ ಮೇಲೆದ್ದು ಬಂತು. ಬೇರೆಯವರಿಗಾದರೆ ಬಾಯಲ್ಲಿ ನೀರು ಬರುತ್ತಿತ್ತು, ನನಗೆ ಕಣ್ಣಲ್ಲಿ ಬಂತು. ಮುಚ್ಚಳ ಹಾಕಿ, ಪೆಟ್ಟಿಗೆಗೆ ಒರಗಿಕೊಂಡು ನೆಲದ ಮೇಲೇ ಕುಳಿತುಬಿಟ್ಟೆ. ಈ ವಾಸನೆ ಹೀಗೆಯೇ ಸಣ್ಣಗೆ ಏಳುತ್ತಿದ್ದ ಒಂದು ಸಾಯಂಕಾಲ, ಕಡೂರಿನ ಒಂದು ಹಿತ್ತಲಿನಲ್ಲಿ ನಾನು ನಿಂತಿದ್ದೆ. ಆ ಹಿತ್ತಲಿನ ಕತೆಯನ್ನೇ ನಿಮಗೆ ಹೇಳಬೇಕಾಗಿರುವುದು. ಆದರೆ ನೇರವಾಗಿ ಅಲ್ಲಿಗೆ ಹೋಗಲು ನನಗೆ ಧೈರ್ಯ ಸಾಲದು. ಸ್ವಲ್ಪ ಸುತ್ತಿಕೊಂಡು ಹೋಗುತ್ತೇನೆ, ಜೊತೆಗೆ ಬನ್ನಿ.

ಈ ಪೆಟ್ಟಿಗೆ ಮೊದಲು ನನ್ನ ಅಕ್ಕ ಜಯಳ ಮನೆಯಲ್ಲಿತ್ತು. ಭಾವನದು ಕಡೂರಿನಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಅಂಗಡಿ. ಯಾವುದೋ ಬೇಕರಿ ಮುಚ್ಚಿದಾಗ ಕೆಟ್ಟು ನಿಂತಿದ್ದ ಪೆಟ್ಟಿಗೆಯನ್ನು ತಂದು, ಒಂದು ವಾರ ಅದರ ಹೊಟ್ಟೆಯೊಳಗೆ ಕೈಯಾಡಿಸಿ ರಿಪೇರಿ ಮಾಡಿದರು. ಮಾರುವ ಉದ್ದೇಶವಿತ್ತು. ಅಕ್ಕ ಬಿಡಲಿಲ್ಲ. ಅದರ ಹೊರಮೈಮೇಲೆ ಕುಲ್ಫಿ ನೆಕ್ಕುವ ಗುಂಡುಕೆನ್ನೆಯ ಹುಡುಗನ ಚಿತ್ರ ಅಂಟಿಸಿತ್ತು. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ. ಬೀದಿಯ ಮಕ್ಕಳೆಲ್ಲ ಬಾಗಿಲಿಗೆ ಬಂದು “ಆಂಟಿ, ಕುಲ್ಫಿ ಐತಾ?” ಎಂದು ಕೇಳುವುದು, ಅಕ್ಕ ಮುಚ್ಚಳ ತೆಗೆದು ಹೆಪ್ಪುಗಟ್ಟಿದ ಅವರೆಕಾಳು ತೋರಿಸುವುದು, ಮಕ್ಕಳು ಮುಖ ಸಿಂಡರಿಸಿಕೊಂಡು ಹೋಗುವುದು, ಇದು ಬಹಳ ದಿನ ನಡೆಯಿತು.

ಅವರೆಕಾಯಿಯ ಕಾಲದಲ್ಲಿ ಹಿತುಕಿದ ಅವರೆ, ಮಾವಿನಕಾಯಿಯ ಕಾಲದಲ್ಲಿ ತುರಿದ ಮಾವಿನಕಾಯಿ, ಸಖರಾಯಪಟ್ಟಣದ ಕಡೆಯಿಂದ ಯಾರಾದರೂ ತೆಂಗಿನಕಾಯಿ ತಂದುಕೊಟ್ಟರೆ ಅದರ ತುರಿ, ಹೀಗೆ ಪೆಟ್ಟಿಗೆ ತುಂಬಿಯೇ ಇರುತ್ತಿತ್ತು. ಆದರೆ ಅದರಲ್ಲಿ ಬೇಯಿಸಿದ ಅಡಿಗೆ ಇಡಲು ಶುರುವಾದದ್ದು ನನ್ನಿಂದ. ನಾನು ಮದುವೆಯಾಗಲಿಲ್ಲ, ಅಡಿಗೆ ಕಲಿಯಲಿಲ್ಲ. ಎರಡಕ್ಕೂ ಸಂಬಂಧವಿಲ್ಲ ಎಂದು ನಾನು ಎಷ್ಟು ಹೇಳಿದರೂ ಅಕ್ಕ ನಂಬುತ್ತಿರಲಿಲ್ಲ. ಭಾನುವಾರ ನಾನು ಕಡೂರಿಗೆ ಹೋದರೆ ಹಿಂತಿರುಗುವಾಗ ಬ್ಯಾಗಿನ ತುಂಬ ಡಬ್ಬಿಗಳು. ಬಸ್ಸು ತರೀಕೆರೆ ಸೇರುವಷ್ಟರಲ್ಲಿ ಬ್ಯಾಗಿನ ತಳ ಒದ್ದೆಯಾಗಿ, ಪಕ್ಕದಲ್ಲಿ ಕುಳಿತವರು ಅನುಮಾನದಿಂದ ಕಾಲು ಮಡಚಿಕೊಳ್ಳುತ್ತಿದ್ದರು. ತೊಡೆಯ ಮೇಲೆ ತಣ್ಣನೆಯ ಹುರುಳಿಕಾಳಿನ ಸಾರು ಇಟ್ಟುಕೊಂಡು ಘನತೆಯಿಂದ ಕಿಟಕಿಯಾಚೆ ನೋಡುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯದು.

ಅಕ್ಕನಿಗೆ ಒಬ್ಬಳೇ ಮಗಳು, ಪಲ್ಲವಿ. ಅಜ್ಜಂಪುರಕ್ಕೆ ಕೊಟ್ಟಿತ್ತು. ಅಳಿಯನದು ಅಲ್ಲಿ ಗೊಬ್ಬರದ ಅಂಗಡಿ, ಒಳ್ಳೆಯ ಹುಡುಗ. ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗಿರಲಿಲ್ಲ. ನೆಂಟರಿಷ್ಟರು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೂ ಬಿಟ್ಟಿದ್ದರು. ಕೇಳುವುದಕ್ಕಿಂತ ಅದೇ ಹೆಚ್ಚು ನೋವು ಎಂದು ಅಕ್ಕ ಹೇಳುತ್ತಿದ್ದಳು. ಆಮೇಲೆ ಒಂದು ದಿನ ಪಲ್ಲವಿ ಫೋನು ಮಾಡಿ ಸುದ್ದಿ ಹೇಳಿದಳು. ಅದೇ ತಿಂಗಳು ಶಿವಮೊಗ್ಗದ ಆಸ್ಪತ್ರೆಯಲ್ಲಿ ಅಕ್ಕನ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದರು. ಒಂದೇ ರಕ್ತದ ಇಬ್ಬರು ಹೆಂಗಸರ ಹೊಟ್ಟೆಯಲ್ಲಿ ಎರಡು ಬೆಳೆಯುತ್ತಿದ್ದವು. ಯಾವುದು ಬೇಗ ಬೆಳೆಯುತ್ತದೋ ಎಂದು ನಾವು ಕಾಯಬೇಕಾಗಿತ್ತು. ಡಾಕ್ಟರು ಭಾವನಿಗೆ ಧೈರ್ಯ ಹೇಳಿದರು. ಅಕ್ಕ ಡಾಕ್ಟರ ಮುಖ ನೋಡಿ ತಿಳಿಯಬೇಕಾದ್ದನ್ನು ತಿಳಿದುಕೊಂಡಳು.

ಮುಂದಿನ ಭಾನುವಾರ ಅವಳು ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿದಳು.

“ಪಲ್ಲಿ ಹೆರಿಗೆ ಹೊತ್ಗೆ ನಾನಿರಲ್ಲ ಕಣೇ,” ಎಂದಳು. ಹಾಲು ಒಡೆದುಹೋಗಿದೆ ಎಂದು ಹೇಳುವ ಹಾಗೆ ಹೇಳಿದಳು.

“ಹುಚ್ಚುಚ್ಚಾಗಿ ಮಾತಾಡ್ಬೇಡ ಅಕ್ಕ.”

“ಅಳಬೇಡ, ಕೇಳು. ಚೊಚ್ಚಲ ಬಾಣಂತನ ತವರಿಂದು. ಅವಳ ಬಾಯಿಗೆ ನನ್ನ ಕೈ ಅಡಿಗೆ ಬೀಳದೆ ಹೋದ್ರೆ ನಂಗೆ ಸತ್ರೂ ಸಮಾಧಾನ ಇಲ್ಲ. ಈಗ್ಲೇ ಮಾಡಿ ಪೆಟ್ಟಿಗೇಲಿ ಇಡ್ತೀನಿ. ನೀನು ಬಿಸಿ ಮಾಡಿ ಹಾಕು, ಅಷ್ಟೇ. ಬಿಸಿ ಮಾಡೋಕೆ ಬತ್ತದಲ್ಲ ನಿಂಗೆ?”

ಬರುತ್ತದೆ ಎಂದೆ. ಅಳುತ್ತಲೇ ಎಂದೆ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ನಮ್ಮಲ್ಲಿ ಹುಟ್ಟುವ ಮಗುವಿಗಾಗಿ ಮೊದಲೇ ಏನನ್ನೂ ಸಿದ್ಧ ಮಾಡಿಡುವುದಿಲ್ಲ. ತೊಟ್ಟಿಲು ತರುವುದಿಲ್ಲ, ಬಟ್ಟೆ ಹೊಲಿಸುವುದಿಲ್ಲ, ಹಳೆಯ ಸೀರೆಯನ್ನು ಕೂಡ ಹರಿದು ಮಡಚಿಡುವುದಿಲ್ಲ. ಮೊದಲೇ ಆಸೆಪಟ್ಟು ಸಿದ್ಧ ಮಾಡಿದರೆ ಕಣ್ಣು ತಾಗುತ್ತದೆ ಎಂದು. ಅಷ್ಟು ವರ್ಷ ಕಾದು ಬಂದ ಬಸಿರಿಗೆ ಬಾಣಂತಿಯ ಅಡಿಗೆಯನ್ನೇ ಮಾಡಿಟ್ಟಿದ್ದೇವೆಂದು ತಿಳಿದರೆ ಪಲ್ಲವಿಯ ಅತ್ತೆಯಿಂದ ಹಿಡಿದು ಭಾವನವರೆಗೆ ಯಾರೂ ಸುಮ್ಮನಿರುತ್ತಿರಲಿಲ್ಲ. ನನಗೂ ಒಳಗೊಳಗೆ ಹೆದರಿಕೆಯಿತ್ತು ಎನ್ನಿ. ಹಾಗಾಗಿ ಅಕ್ಕ ಎಲ್ಲರ ಮುಂದೆ, “ಆಸ್ಪತ್ರೆ ಓಡಾಟದಲ್ಲಿ ಅಡಿಗೆ ಮಾಡಕ್ಕಾಗಲ್ಲ, ಮಾಡಿಡ್ತಿದೀನಿ” ಎಂದಳು. ಕಾಯಿಲೆಯವರಿಗೂ ಮೆಣಸಿನ ಸಾರೇ, ಬಾಣಂತಿಗೂ ಮೆಣಸಿನ ಸಾರೇ. ಯಾರಿಗೂ ಅನುಮಾನ ಬರಲಿಲ್ಲ.

ಆಮೇಲಿನ ಭಾನುವಾರಗಳನ್ನು ನೆನೆದರೆ ಈಗಲೂ ನನ್ನ ಉಗುರುಸಂದಿ ಉರಿಯುತ್ತದೆ. ಬೆಳ್ಳುಳ್ಳಿ ಸುಲಿಯುವುದು ನನ್ನ ಕೆಲಸ. ರಾಶಿ ರಾಶಿ ಬೆಳ್ಳುಳ್ಳಿ. ನಮ್ಮ ಶಾಲೆಯ ಜವಾನರು ಲಿಂಗದಹಳ್ಳಿಯ ಕಡೆಯವರು, ಅವರ ಊರಿನಿಂದ ಕಾಳುಮೆಣಸು ತರಿಸಿಕೊಟ್ಟಿದ್ದೆ. ಅಕ್ಕ ಅದನ್ನು ತುಪ್ಪದಲ್ಲಿ ಹುರಿದು, ಜೀರಿಗೆ ಒಣಶುಂಠಿ ಸೇರಿಸಿ, ಆಗಿಂದಾಗ ಕುಟ್ಟಿ ಸಾರು ಮಾಡುತ್ತಿದ್ದಳು. ಪುಡಿ ಮಾಡಿಟ್ಟರೆ ಘಮ ಹೋಗುತ್ತದೆಂದು ಅವಳ ವಾದ. ಎದೆಹಾಲಿಗೆ ಒಳ್ಳೆಯದೆಂದು ಸಬ್ಬಸಿಗೆ ಸೊಪ್ಪಿನ ಪಲ್ಯ, ಹೆಸರುಬೇಳೆ ಹಾಕಿದ ಕಟ್ಟು, ಬೆಲ್ಲ ಹಾಕಿದ ಗೋಧಿ ನುಚ್ಚಿನ ಪಾಯಸ. ಒಲೆಯ ಮುಂದೆ ನಿಲ್ಲಲಾರದೆ ಸ್ಟೂಲಿನ ಮೇಲೆ ಕುಳಿತು ಮಾಡುತ್ತಿದ್ದಳು. ಔಷಧಿಯ ದೆಸೆಯಿಂದ ಅವಳಿಗೆ ರುಚಿಯೇ ಗೊತ್ತಾಗುತ್ತಿರಲಿಲ್ಲ. ಅಂಗೈ ಮೇಲೆ ಎರಡು ಹನಿ ಹಾಕಿ ನನ್ನ ಮುಂದೆ ಹಿಡಿದು, “ಉಪ್ಪು?” ಎನ್ನುವಳು. ನಾನು ನೆಕ್ಕಿ “ಸರಿ ಇದೆ” ಎನ್ನುವೆ. “ನೀನು ಕ್ಯಾಂಟೀನ್ ನಾಲಿಗೆಯವಳು, ನಿನ್ನ ನಂಬಕ್ಕಾಗಲ್ಲ” ಎಂದು ಬೈದು, ಆದರೂ ನನ್ನನ್ನೇ ನಂಬುವಳು.

ಮೊದಲ ಸಲ ಡಬ್ಬಿಯ ಅಂಚಿನವರೆಗೆ ಸಾರು ತುಂಬಿ ಇಟ್ಟಿದ್ದೆವು. ಹೆಪ್ಪುಗಟ್ಟಿದ ಸಾರು ಉಬ್ಬಿ ಮುಚ್ಚಳಗಳೆಲ್ಲ ಹಾರಿಹೋಗಿದ್ದವು. ಅಂದು ಇಬ್ಬರೂ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡು ನಕ್ಕ ನಗು ಅಷ್ಟಿಷ್ಟಲ್ಲ. ನಗುತ್ತಾ ನಗುತ್ತಾ ಅಕ್ಕ ಹೊಟ್ಟೆ ಹಿಡಿದುಕೊಂಡು ಕುಳಿತಳು. ನಗುವಿಗೆ ಹಿಡಿದುಕೊಂಡಳೋ ನೋವಿಗೋ ಎಂದು ನಾನು ಕೇಳಲಿಲ್ಲ.

ಈ ನಡುವೆ ಒಮ್ಮೆ ರಂಗಕ್ಕ ಬಂದರು. ರಂಗಕ್ಕ ಎಂದರೆ ಭಾವನ ಅಕ್ಕ, ಹಿರೇನಲ್ಲೂರಿನವರು. ಹೊಲ ಮನೆ ಎರಡನ್ನೂ ಒಂದೇ ದನಿಯಲ್ಲಿ ಆಳಿದ ಹೆಂಗಸು. ಯಾವ ದಿನ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಮದುವೆಯಾಗಲಿ ಸಾವಾಗಲಿ, ನಮ್ಮ ಕಡೆ ಮೊದಲು ಅವರಿಗೆ ಹೇಳಿಕಳಿಸುವುದು ರೂಢಿ. ಅವರು ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು.

“ಅಯ್ಯೋ, ಇಷ್ಟೊಂದು ತಂಗಳಾ? ನಮ್ಮನೇಲಿ ರಾತ್ರಿ ಉಳಿದಿದ್ದನ್ನ ಬೆಳಗ್ಗೆ ಎಮ್ಮೆ ಕಲಗಚ್ಚಿನ ಬಾನಿಗೆ ಹಾಕ್ತೀವಿ ಕಣೇ ಜಯ.”

“ನಿಮ್ಮನೇಲಿ ಎಮ್ಮೆ ಐತೆ, ನಮ್ಮನೇಲಿ ಈ ಟೀಚರಮ್ಮ ಇದಾಳಲ್ಲ,” ಎಂದಳು ಅಕ್ಕ ನನ್ನ ಕಡೆ ತೋರಿಸಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದು ಅವರೊಬ್ಬರಿಗೆ ಗುಟ್ಟಾಗಿ ಹೇಳಿಬಿಟ್ಟಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆದರೆ ಹೇಳಿದ್ದರೆ, ಹುಟ್ಟದ ಮಗುವಿಗೆ ಸಿದ್ಧತೆ ಮಾಡಿದ್ದಕ್ಕೆ ಮೊದಲು ಬೈಯುತ್ತಿದ್ದವರೂ ಅವರೇ.

ಪಲ್ಲವಿಗೆ ಏಳು ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ಅಕ್ಕ ಹೋದಳು. ಮನೆಯಲ್ಲೇ, ಮಲಗಿದ್ದಲ್ಲೇ. ಗಡ್ಡೆಯೇ ಗೆದ್ದಿತು.

ತುಂಬಿದ ಬಸುರಿಯನ್ನು ಹೆಣದ ಹತ್ತಿರ ಕೂರಿಸುವುದಿಲ್ಲ. ಅಜ್ಜಂಪುರದಿಂದ ಓಡಿಬಂದ ಪಲ್ಲವಿಗೆ ದೂರದಿಂದಲೇ ತಾಯಿಯ ಮುಖ ತೋರಿಸಿ, ಬೀದಿಯ ಕೊನೆಯ ಮನೆಯೊಂದಕ್ಕೆ ಕರೆದುಕೊಂಡು ಹೋದರು. ಅವಳ ಜೊತೆಗೆ ಇರಲು ನನ್ನನ್ನು ಕಳಿಸಿದರು. ಒಡಹುಟ್ಟಿದವಳ ಮುಖವನ್ನು ನಾನೂ ಸರಿಯಾಗಿ ನೋಡಲಿಲ್ಲ. ಯಾರದೋ ಮನೆಯ ಮಂಚದ ಮೇಲೆ ಆ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಹೊಟ್ಟೆಯಲ್ಲಿರುವ ಮಗುವಿಗೆ ಆಗದು, ಅಳಬೇಡ ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ನಾನು ಅವಳ ಬೆನ್ನು ಸವರುತ್ತಾ ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಳ್ಳುತ್ತಿದ್ದೆ. ಇರಲಿ ಮಗಳೇ, ನಿನ್ನಮ್ಮ ಪೂರ್ತಿ ಹೋಗಿಲ್ಲ, ನಿನಗೆಂದು ಬಾಣಂತನವನ್ನೇ ಮಾಡಿಟ್ಟು ಹೋಗಿದ್ದಾಳೆ ಎಂದು. ಆ ದಿನವೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪೆಟ್ಟಿಗೆಯೇ.

ಮಣ್ಣು ಮಾಡಿ ಗಂಡಸರು ಹಿಂತಿರುಗಿದ ಮೇಲೆ ನಾನು ಅಕ್ಕನ ಮನೆಗೆ ಹೋದೆ. ಮನೆ ತೊಳೆದಿತ್ತು. ದೀಪ ಹಚ್ಚಿಟ್ಟಿತ್ತು. ಅಂಗಳ ದಾಟುವಾಗ ಕಾಂಪೌಂಡಿನ ಮೇಲೆ ಕಣ್ಣು ಬಿತ್ತು. ಡಬ್ಬಿಗಳು. ಚೆನ್ನಾಗಿ ಬೆಳಗಿ, ತೊಳೆದು, ಸಾಲಾಗಿ ಬೋರಲು ಹಾಕಿದ ಡಬ್ಬಿಗಳು. ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತೇ ಹಿಡಿಯಿತು. ಒಳಗೆ ಹೋದರೆ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಒಳಗೆಲ್ಲ ಒರೆಸಿ ಒಣಗಲು ಬಿಟ್ಟಿದ್ದರು.

ಸಾವಾದ ಮನೆಯಲ್ಲಿ ಬೇಯಿಸಿದ್ದೇನಿದ್ದರೂ ಇಟ್ಟುಕೊಳ್ಳುವುದಿಲ್ಲ. ಅನ್ನ, ಸಾರು, ಕೊಡದಲ್ಲಿ ತುಂಬಿಟ್ಟ ನೀರು, ಎಲ್ಲವನ್ನೂ ಚೆಲ್ಲಿ, ಪಾತ್ರೆ ತೊಳೆದು ಬೋರಲು ಹಾಕುತ್ತಾರೆ. ಇದು ನನಗೆ ಗೊತ್ತಿರದ ಸಂಗತಿಯೇ? ಅಪ್ಪ ಹೋದಾಗ, ಅಮ್ಮ ಹೋದಾಗ ನಾನೇ ಬಿಂದಿಗೆ ಬಿಂದಿಗೆ ನೀರು ಚೆಲ್ಲಿದ್ದೇನೆ. ಐಸ್‌ಕ್ರೀಂ ಪೆಟ್ಟಿಗೆಗೂ ಆ ನಿಯಮ ತಾಗುತ್ತದೆಂದು ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ರಂಗಕ್ಕನಿಗೆ ಹೊಳೆದಿತ್ತು. ತಮ್ಮನ ಹೆಂಡತಿಯ ಸಾವಿನಲ್ಲಿ ಒಂದು ಚೂರೂ ಕೊರತೆಯಾಗಬಾರದೆಂದು, ಅಳುತ್ತಳುತ್ತಲೇ ಅವರು ಒಂದೊಂದು ಡಬ್ಬಿಯನ್ನೂ ಹಿತ್ತಲಿಗೆ ಹೊತ್ತು, ತೆಂಗಿನಮರದ ಬುಡದಲ್ಲಿ ಗುಂಡಿ ತೆಗೆಸಿ ಹಾಕಿಸಿದ್ದರು.

ನಾನು ಹಿತ್ತಲಿಗೆ ಓಡಿದೆ. ಗುಂಡಿಯನ್ನು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಸಾರು ಡಬ್ಬಿಯ ಆಕಾರದಲ್ಲೇ ಗಡ್ಡೆಗಡ್ಡೆಯಾಗಿ ಬಿದ್ದಿತ್ತು. ಒಂದರೊಳಗೆ ಸಬ್ಬಸಿಗೆ ಸೊಪ್ಪಿನ ಎಸಳುಗಳು ಹಸಿರಾಗಿಯೇ ಕಾಣುತ್ತಿದ್ದವು. ಎಲ್ಲದಕ್ಕೂ ಮಣ್ಣು ಮೆತ್ತಿತ್ತು. ಮೇಲ್ಗಡೆಯವು ಸಂಜೆಬಿಸಿಲಿಗೆ ಕರಗುತ್ತಾ, ಮೆಣಸು ಬೆಳ್ಳುಳ್ಳಿಯ ವಾಸನೆ ಸಣ್ಣಗೆ ಏಳುತ್ತಿತ್ತು. ಹಿತ್ತಲೆಲ್ಲ ಅಕ್ಕನ ಅಡಿಗೆಮನೆಯ ವಾಸನೆ. ಒಂದನ್ನಾದರೂ ಎತ್ತಿಕೊಳ್ಳೋಣವೆಂದು ಬಗ್ಗಿದೆ. ಹಿಂದಿನಿಂದ ಯಾರೋ “ಅದನ್ನ ಮುಟ್ಬಾರ್ದಮ್ಮ” ಎಂದರು. ಮುಟ್ಟಲಿಲ್ಲ. ಅಕ್ಕ ಎರಡು ಸಲ ಮಣ್ಣಿಗೆ ಹೋದಳು ಎನ್ನಿಸಿತು. ಮೊದಲ ಸಲದ್ದನ್ನು ನಾನು ಸಹಿಸಿದ್ದೆ, ಇದನ್ನು ಸಹಿಸಲಾಗಲಿಲ್ಲ.

ಅಂದಿನಿಂದ ನಾನು ರಂಗಕ್ಕನೊಡನೆ ಮಾತು ಬಿಟ್ಟೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ದುಃಖದಲ್ಲಿದ್ದಾಳೆ, ಇರಲಿ ಎಂದುಕೊಂಡರೋ ಏನೋ. ಹೆರಿಗೆ ಹತ್ತಿರವಾದಾಗ ಅಜ್ಜಂಪುರದವರು, ತಾಯಿಯಿಲ್ಲದ ಹುಡುಗಿ, ಬಾಣಂತನ ನಮ್ಮಲ್ಲೇ ಆಗಲಿ ಎಂದರು. ರಂಗಕ್ಕ ಒಪ್ಪಲಿಲ್ಲ. “ಚೊಚ್ಚಲದ್ದು ತವರಲ್ಲೇ ಆಗ್ಬೇಕು. ನಾನೇನ್ ಸತ್ತೋಗಿದೀನಾ?” ಎಂದು ಹಿರೇನಲ್ಲೂರಿನ ಮನೆಗೆ ಬೆನ್ನು ಹಾಕಿ, ಗಂಟು ಕಟ್ಟಿಕೊಂಡು ಕಡೂರಿಗೆ ಬಂದು ಕುಳಿತರು. ನಾನೂ ರಜೆ ಹಾಕಿ ಹೋದೆ. ಪಲ್ಲವಿಗೆ ಹೆಣ್ಣುಮಗು ಹುಟ್ಟಿತು. ಅಕ್ಕನ ಅಡಿಗೆಮನೆಯಲ್ಲಿ ನಾವಿಬ್ಬರು ಹೆಂಗಸರು. ಅವರು ಮಾತಾಡುವುದು, ನಾನು ಪಾತ್ರೆಗೆ ಉತ್ತರ ಹೇಳುವುದು.

ಒಂದು ದಿನ ಅವರು ಒಲೆಯ ಮುಂದೆ ಸಾರು ಕುದಿಸುತ್ತಾ ತಮ್ಮಷ್ಟಕ್ಕೆ, “ಪಾಪ, ಜಯ ಇದ್ದಿದ್ರೆ ಮಗಳಿಗೆ ಏನೇನ್ ಮಾಡಿ ಹಾಕೋಳೋ” ಎಂದರು.

“ಮಾಡಿಟ್ಟಿದ್ಲು,” ಎಂದೆ. “ನೀವು ಗುಂಡಿಗೆ ಹಾಕ್ಸಿದ್ರಲ್ಲ, ಅದೇ.”

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಸ್ಟೂಲಿನ ಮೇಲೆ ಕುಳಿತು ಮಾಡಿದ್ದು, ನಾಲಿಗೆಗೆ ರುಚಿಯಿಲ್ಲದೆ ನನ್ನ ನಾಲಿಗೆಯಿಂದ ಉಪ್ಪು ನೋಡಿದ್ದು, ಬಿಸಿ ಮಾಡಿ ಹಾಕು ಎಂದು ನನ್ನಿಂದ ಮಾತು ತೆಗೆದುಕೊಂಡದ್ದು. ಒಂದೊಂದು ಮಾತನ್ನೂ ನೋಯಿಸಬೇಕೆಂದೇ ಹೇಳಿದೆ. ರಂಗಕ್ಕ ಒಲೆಯ ಉರಿ ಸಣ್ಣ ಮಾಡಿದರು. ಗೋಡೆಗೆ ಒರಗಿ ನೆಲಕ್ಕೆ ಕುಸಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು, “ಯಾರೂ ಹೇಳ್ಲಿಲ್ವಲ್ಲೇ ನಂಗೆ” ಎಂದರು. ಅಷ್ಟೇ ಅಂದದ್ದು. ಅಷ್ಟು ದೊಡ್ಡ ದನಿಯ ಹೆಂಗಸಿನ ಬಾಯಿಂದ ಅಷ್ಟು ಸಣ್ಣ ಮಾತು ಬಂದದ್ದು ನಾನು ಅದೇ ಮೊದಲು ಕೇಳಿದ್ದು.

ಮಾರನೆಯ ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವರು ಮೊರದಲ್ಲಿ ಬೆಳ್ಳುಳ್ಳಿ ಹರವಿಕೊಂಡು ಕುಳಿತಿದ್ದರು.

“ನಿಮ್ಮಕ್ಕ ಹೆಂಗ್ ಮಾಡ್ತಿದ್ಲು, ಕೂತ್ಕೊಂಡು ಹೇಳು. ನಾನು ಹಂಗೇ ಮಾಡ್ತೀನಿ.”

ಹೇಳುವುದು ಸುಲಭವಾಗಿರಲಿಲ್ಲ. ಲೆಕ್ಕದ ಟೀಚರಾಗಿಯೂ ನಾನು ಒಂದಕ್ಕೂ ಅಳತೆ ಇಟ್ಟುಕೊಂಡಿರಲಿಲ್ಲ. ಅಕ್ಕನ ಅಂಗೈಯೇ ಅಳತೆ. ಇಷ್ಟು ಮೆಣಸು ಎಂದು ನಾನು ಕೈ ತೋರಿಸಿದರೆ, ನಿನ್ನ ಕೈ ಚಿಕ್ಕದು, ಜಯಳ ಕೈ ಅಗಲ ಎಂದು ಅವರು. ಇಬ್ಬರೂ ವಾದಿಸಿ, ಹುರಿದು, ಕುಟ್ಟಿ, ನೆಕ್ಕಿ ನೋಡಿ, ತಲೆಯಾಡಿಸಿ ಮತ್ತೆ ಮಾಡಿದೆವು. ಹತ್ತಿರ ಬರುತ್ತಿತ್ತು. ಅದೇ ಆಗುತ್ತಿರಲಿಲ್ಲ.

ಅಂದು ಪಲ್ಲವಿಗೆ ತಟ್ಟೆ ಇಟ್ಟು ರಂಗಕ್ಕ ಎದುರಿಗೇ ಕುಳಿತರು. ಹೇಳಬೇಡಿ, ಹಸಿ ಬಾಣಂತಿ, ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವರು ಕೇಳುವ ಹೆಂಗಸಲ್ಲ.

“ಮಗಾ, ನಿಮ್ಮವ್ವ ನಿಂಗೆ ಅಂತ ಅಡಿಗೆ ಮಾಡಿಟ್ಟು ಹೋಗಿದ್ಲು. ನಂಗೆ ಗೊತ್ತಾಗ್ಲಿಲ್ಲ. ಸೂತಕದ್ದು ಅಂತ ಈ ಕೈಯಾರ ಮಣ್ಣಿಗೆ ಹಾಕ್ಬಿಟ್ಟೆ.”

ಪಲ್ಲವಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. ಸೋದರತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿ, “ಏನೇನ್ ಮಾಡಿಟ್ಟಿದ್ಲು ಚಿಕ್ಕಿ?” ಎಂದಳು.

ಹೇಳಿದೆ. ಮೆಣಸಿನ ಸಾರು, ಬೆಳ್ಳುಳ್ಳಿಯನ್ನು ಇಡಿಯಾಗಿ ಹಾಕಿದ್ದು. ಸಬ್ಬಸಿಗೆ ಪಲ್ಯ, ಕಾಯಿ ಜಾಸ್ತಿ, ನಿನಗೆ ಇಷ್ಟ ಎಂದು. ಹೆಸರುಬೇಳೆ ಕಟ್ಟು. ನುಚ್ಚಿನ ಪಾಯಸ, ಅದಕ್ಕೆ ಏಲಕ್ಕಿ ಹಾಕಿರಲಿಲ್ಲ, ಚಿಕ್ಕಂದಿನಲ್ಲಿ ನೀನು ಏಲಕ್ಕಿ ಸಿಪ್ಪೆ ಉಗುಳುತ್ತಿದ್ದೆ ಎಂದು. ನಾನು ಹೇಳುತ್ತಾ ಹೋದ ಹಾಗೆ ಅವಳು ತುತ್ತು ಬಾಯಿಗಿಡುತ್ತಾ ಹೋದಳು. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು, ಊಟ ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ, “ಇದು ಅಮ್ಮನ ಸಾರಿನ ಥರ ಇಲ್ಲ” ಎಂದಳು. ರಂಗಕ್ಕ ತಲೆ ತಗ್ಗಿಸಿದರು. ಪಲ್ಲವಿ ತಟ್ಟೆ ಮುಂದೆ ಚಾಚಿ, “ಇನ್ನೊಂಚೂರು ಅನ್ನ ಹಾಕು ಅತ್ತೆ” ಎಂದಳು.

ಅವಳು ಅಷ್ಟರಲ್ಲೇ ಮುಗಿಸಿದಳು. ನಾನು ಟೀಚರು, ನನಗೆ ಅಷ್ಟು ಸುಲಭಕ್ಕೆ ಮಾರ್ಕು ಕೊಟ್ಟು ಅಭ್ಯಾಸವಿಲ್ಲ. ರಂಗಕ್ಕನೊಡನೆ ಮಾತೇನೋ ಆಡಿದೆ, ಆದರೆ ಒಳಗೊಂದು ಗಂಟು ಹಾಗೆಯೇ ಉಳಿಯಿತು. ಬಾಣಂತನ ಮುಗಿಸಿ ಅವರು ಹಿರೇನಲ್ಲೂರಿಗೆ, ಪಲ್ಲವಿ ಅಜ್ಜಂಪುರಕ್ಕೆ ಹೋದರು. ಭಾವ ಪೆಟ್ಟಿಗೆಯನ್ನು ಕೊಟ್ಟುಬಿಡುತ್ತೇನೆಂದಾಗ ನಾನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ತರೀಕೆರೆಗೆ ತಂದೆ. ಖಾಲಿ ಪೆಟ್ಟಿಗೆ ಬಹಳ ದಿನ ಹಜಾರದಲ್ಲಿ ಸುಮ್ಮನೆ ಬಿದ್ದಿತ್ತು.

ಈಗ ಮಗು ಮಾತಾಡುತ್ತದೆ. ಕಳೆದ ಮಳೆಗಾಲದಲ್ಲಿ ರಂಗಕ್ಕ ಕಣದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಈ ವಯಸ್ಸಿಗೆ ಆಪರೇಷನ್ ತಡೆಯುವುದಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದರು. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಒಂದು ದಿನ ಆ ಸೊಸೆಯ ಫೋನು ಬಂತು. “ನಮ್ಮತ್ತೆ ಏನ್ ಕೊಟ್ರೂ ಬ್ಯಾಡ ಅಂತಾರೆ. ಟೀಚರಮ್ಮನ ಕೈಲಿ ಜಯನ ಸಾರು ಮಾಡ್ಸು ಅಂತ ಒಂದೇ ಹಟ.”

ಹೀಗೆ ನಾನು ಒಲೆಯ ಮುಂದೆ ನಿಂತೆ. ನಾನೇ ಮೆಣಸು ಹುರಿಯುತ್ತೇನೆ, ನಾನೇ ಕುಟ್ಟುತ್ತೇನೆ. ಶನಿವಾರ ಮಾಡಿ, ಆರಿಸಿ, ಪುಟ್ಟ ಪುಟ್ಟ ಡಬ್ಬಿಗಳಲ್ಲಿ ಬೆರಳಷ್ಟು ಜಾಗ ಬಿಟ್ಟು ತುಂಬಿ, ಪೆಟ್ಟಿಗೆಯಲ್ಲಿಟ್ಟು, ಒಂದೆರಡನ್ನು ಮುಂದಿನ ವಾರಕ್ಕೆಂದು ಅಲ್ಲೇ ಉಳಿಸಿ, ಮಿಕ್ಕದ್ದನ್ನು ಭಾನುವಾರ ಕಡೂರಿನಲ್ಲಿ ಬಸ್ಸು ಬದಲಿಸಿ ಹಿರೇನಲ್ಲೂರಿಗೆ ಒಯ್ಯುತ್ತೇನೆ. ಸೊಸೆ ಅದನ್ನು ತಮ್ಮ ಫ್ರಿಜ್ಜಿನಲ್ಲಿಟ್ಟುಕೊಂಡು ವಾರವಿಡೀ ಬಿಸಿ ಮಾಡಿ ಕೊಡುತ್ತಾಳೆ. ಮೊದಲ ಸಲ ನಾನು ಕುಟುಕದೆ ಬಿಡಲಿಲ್ಲ.

“ತಂಗಳು ಕಣ್ರೀ ರಂಗಕ್ಕ, ಇದು. ಎಮ್ಮೆ ಬಾನಿಗೆ ಹಾಕೋ ಅಂಥದ್ದು.”

“ಹಾಕವ್ವ ಹಾಕು. ನಾನೂ ಈಗ ತಂಗಳೇ,” ಎಂದು ಬಾಯಿ ತೆರೆದರು. ಎರಡು ಚಮಚ ನುಂಗಿ, “ಉಪ್ಪು ಕಮ್ಮಿ” ಎಂದರು.

ಕಳೆದ ಭಾನುವಾರ ಹೋದಾಗ ಅವರು ಬಹಳ ಸೋತಿದ್ದರು. ಸಾರನ್ನ ಎರಡು ತುತ್ತಿಗಿಂತ ಹೆಚ್ಚು ಹೋಗಲಿಲ್ಲ. ಮಿಕ್ಕ ಡಬ್ಬಿಗಳನ್ನು ಸೊಸೆ ಒಳಗೆ ಒಯ್ಯುವುದನ್ನು ನೋಡುತ್ತಾ ಮಲಗಿದ್ದವರು ನನ್ನ ಕೈ ಹಿಡಿದುಕೊಂಡರು.

“ನಾನ್ ಹೋದ ದಿವ್ಸ ಇವ್ರು ಇದ್ನೂ ಚೆಲ್ಲಕ್ಕೆ ಬತ್ತಾರೆ. ಬಿಡಬ್ಯಾಡ. ನೀನೇ ನಿಂತ್ಕೊಂಡು ಬಿಸಿ ಮಾಡಿ ಬಂದೋರಿಗೆಲ್ಲ ಹಾಕು. ಅಡಿಗೆ ಮಣ್ಣಿಗೆ ಹೋಗ್ಬಾರ್ದು ಕಣವ್ವ. ನಾನೊಬ್ಳು ಹೋದ್ರೆ ಸಾಕು.”

ಸಾವಿನ ಮನೆಯಲ್ಲಿ ಹಾಗೆ ಮಾಡಬಹುದೇ ಎಂದು ನಾನು ಕೇಳಲಿಲ್ಲ. ಏನು ಮಾಡಬಹುದು ಏನು ಮಾಡಬಾರದು ಎಂದು ನಮ್ಮ ಕಡೆ ಹೇಳುತ್ತಿದ್ದವರೇ ಅವರು. ಆಗಲಿ ಎಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಅಳು ಬಂತು. ಅಕ್ಕನಿಗಾಗಿ ಅಲ್ಲ, ರಂಗಕ್ಕನಿಗಾಗಿ ಎಂದು ತಿಳಿದು ಇನ್ನಷ್ಟು ಬಂತು.

ನಿಮ್ಮೊಡನೆ ಮಾತಾಡುತ್ತಾ ಕುಳಿತಿದ್ದಾಗಲೇ ಕರೆಂಟು ಬಂದಿದೆ. ನಾನು ಎದ್ದು ಪಕ್ಕದ ಮನೆಯಿಂದ ದೊಡ್ಡ ಪಾತ್ರೆಯೊಂದನ್ನು ಕೇಳಿ ತಂದು ತೊಳೆದಿಟ್ಟೆ. ಇಷ್ಟು ದಿನ ಒಬ್ಬರು ನುಂಗುವಷ್ಟು ಮಾತ್ರ ಮಾಡುತ್ತಿದ್ದೆ. ಈ ಶನಿವಾರ ಹಾಗಲ್ಲ. ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದೇನೆ, ಎಷ್ಟು ಸುಲಿದರೂ ಸಾಲದು ಎನ್ನಿಸುತ್ತಿದೆ. ರಂಗಕ್ಕನಿಗೆ ನೆಂಟರು ಬಹಳ ಜನ.